ಚಿನ್ನದ ಸೀಮೆಯೂ ಪರದೇಶದ ಪತ್ತೂ

ಹಣವನ್ನೇ ಗಂಟುಕಟ್ಟಿಕೊಂಡು ದೂರದೇಶಕ್ಕೆ ಹೋಗುವವನಿಗೂ, ಹಣ ಕೊಡುವೆನೆಂಬ ಮಾತನ್ನು ಮಾತ್ರ ಹೊತ್ತುಕೊಂಡು ಹೋಗುವವನಿಗೂ ಬಹು ಅಂತರವುಂಟು. ಮೊದಲನೆಯವನು ಕಳ್ಳರಿಗೆ ಅಂಜಬೇಕು. ಎರಡನೆಯವನು ತನ್ನ ಮಾತನ್ನು ನಂಬುವವರು ಆ ದೇಶದಲ್ಲಿ ದೊರೆಯುವರೋ ಇಲ್ಲವೋ ಎಂದು ಅಂಜಬೇಕು. ಈ ನಂಬಿಕೆಗೆ ಕನ್ನಡದಲ್ಲಿ ಪತ್ತು ಎಂಬ ಚೊಕ್ಕವಾದ ಹೆಸರಿದೆ. ನಮ್ಮ ಹಳ್ಳಿಗಳ ಪತ್ತಿನ ಸಹಕಾರ ಸಂಘಗಳ ಮೂಲಕ ಈ ಶಬ್ದವು ಮನೆಮನೆಗೂ ಪರಿಚಿತವಾಗಿದೆ. ಸಾಲವು ಹುಟ್ಟುವುದಕ್ಕೆ ಮುಂಚೆ ಸಾಲಗಾರನ ವಿಷಯದಲ್ಲಿ ಸಾಹುಕಾರನ ಮನಸ್ಸಿನಲ್ಲಿ ಏನು ಇರಬೇಕೋ ಅದೇ ಪತ್ತು.

ಇಂದು ನಮ್ಮ ಕೋಲಾರ ಜಿಲ್ಲೆಯ ಗೃಹಸ್ಥರೊಬ್ಬರು ಮಗಳ ಬಾಣಂತನಕ್ಕೆಂದು ಪತ್ನೀಸಮೇತರಾಗಿ ಸಮುದ್ರದಾಚೆಯ ಊರಿಗೆ ಹೋಗಿ, ಅಲ್ಲಿಯ ಅಂಗಡಿಯಲ್ಲಿ ಕೈಯಗಲದ ಕಾರ್ಡೊಂದನ್ನು ಯಂತ್ರಕ್ಕೆ ತೋರಿಸಿ ಸಾಮಾನು ಕೊಂಡು ಹೊರಬರುತ್ತಾರೆ. ಅಂಗಡಿಯವನು ಅವರ ಊರನ್ನು ಕೇಳುವುದಿಲ್ಲ, ಕುಲವನ್ನು ಕೇಳುವುದಿಲ್ಲ. ಈ ಕಾರ್ಯವು ಈಗ ಇಷ್ಟು ಸಹಜವಾಗಿರುವುದರಿಂದ, ಅದರ ಹಿಂದೆ ಎಷ್ಟು ದೀರ್ಘವಾದ ಚರಿತ್ರೆ ಇದೆಯೆಂಬುದು ಕಣ್ಣಿಗೆ ಬೀಳುವುದಿಲ್ಲ. ಆ ಚರಿತ್ರೆಯ ಒಂದು ಮುಖ್ಯವಾದ ಅಧ್ಯಾಯವು ಬಂಗಾರಪೇಟೆಗೆ ಸಮೀಪದ ಚಾಂಪಿಯನ್ ರೀಫ್ಸಿನ ನೆಲದ ಕೆಳಗೆ ನಡೆಯಿತು. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಪತ್ತನ್ನು ಕಡಲಾಚೆಗೆ ಒಯ್ಯುವ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. ಐಹೊಳೆಯ ಐನೂರ್ವರು ಎಂಬ ವರ್ತಕ ಸಮೂಹದ ಹೆಸರು ಕರ್ಣಾಟಕದ ಶಾಸನಗಳಲ್ಲಿ ಮಾತ್ರವಲ್ಲದೆ ತಮಿಳುನಾಡಿನಲ್ಲಿಯೂ ಸಿಂಹಳದಲ್ಲಿಯೂ ದೊರೆಯುತ್ತದೆ. ಸುಮಾತ್ರಾ ದ್ವೀಪದ ಬಾರೂಸ್ ಎಂಬ ರೇವಿನ ಬಳಿ, ಲೋಬು ತುವಾ ಎಂಬಲ್ಲಿ ಸಿಕ್ಕಿದ 1088ನೆಯ ಇಸವಿಯ ತಮಿಳು ಶಾಸನವೂ ಐನೂರ್ವರನ್ನು ಹೆಸರಿಸುತ್ತದೆ. ಒಬ್ಬ ವರ್ತಕನನ್ನು ಅರಿಯದವರೂ ಅವನ ಸಂಘವನ್ನು ಅರಿತಿದ್ದರೆ ವ್ಯಾಪಾರ ನಡೆಯುತ್ತದೆ. ವ್ಯಕ್ತಿಯ ಮಾತಿಗೆ ಸಮೂಹದ ಹೆಸರು ಬೆನ್ನಾಗಿ ನಿಲ್ಲುವುದೆಂಬ ಈ ತತ್ವವೇ ಇಂದಿನ ಕಾರ್ಡಿನ ತತ್ವವೂ ಆಗಿದೆ.

ಅನಂತರದ ಶತಮಾನಗಳಲ್ಲಿ ಈ ಕೆಲಸವನ್ನು ಹುಂಡಿಯು ನಿರ್ವಹಿಸಿತು. ಒಂದು ಊರಿನ ಸರಾಫನಲ್ಲಿ ಹಣ ಕಟ್ಟಿ, ಅವನು ಬರೆದುಕೊಟ್ಟ ಚೀಟಿಯನ್ನು ಮತ್ತೊಂದು ಊರಿನ ಸರಾಫನಿಗೆ ತೋರಿಸಿದರೆ ಹಣ ಕೈಸೇರುತ್ತಿತ್ತು. ತೋರಿಸಿದ ಕೂಡಲೆ ಹಣ ಕೊಡತಕ್ಕದ್ದು ದರ್ಶನಿ ಹುಂಡಿ. ಗೊತ್ತಾದ ದಿನಗಳು ಕಳೆದ ಮೇಲೆ ಕೊಡತಕ್ಕದ್ದು ಮುದ್ದತಿ ಹುಂಡಿ. ಈ ಉಪಕಾರಕ್ಕಾಗಿ ಸರಾಫನು ಹಿಡಿದುಕೊಳ್ಳುತ್ತಿದ್ದ ಅಂಶವೇ ವಟ್ಟ. ವಟ್ಟವೆಂಬ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಅದು ಹೊಸ ಹೆಸರಿನಿಂದ ಮುಂದೆ ನಮಗೆ ಮತ್ತೆ ಎದುರಾಗಲಿದೆ.

ಯೂರೋಪಿನಲ್ಲಿ ಇದೇ ಕಾರ್ಯಕ್ಕೆ ಪತ್ತಿನ ಪತ್ರಗಳು ರೂಢಿಯಲ್ಲಿದ್ದವು. ದೊಡ್ಡ ಬ್ಯಾಂಕು ತನ್ನ ಪರಿಚಿತ ಬ್ಯಾಂಕುಗಳಿಗೆ ಬರೆದ ಕಾಗದವನ್ನು ಪ್ರಯಾಣಿಕನು ಒಯ್ಯುತ್ತಿದ್ದನು. ಆದರೆ ಆ ಬ್ಯಾಂಕುಗಳಿರುವ ಊರಿನಲ್ಲಿ ಮಾತ್ರ, ಅವು ತೆರೆದಿರುವ ವೇಳೆಯಲ್ಲಿ ಮಾತ್ರ ಹಣ ದೊರೆಯುತ್ತಿತ್ತು. 1772ರ ಸುಮಾರಿಗೆ ಲಂಡನ್ನಿನ ರಾಬರ್ಟ್ ಹೆರೀಸ್ ಎಂಬ ಬ್ಯಾಂಕರನು ಅನೇಕ ನಗರಗಳಲ್ಲಿ ಸಲ್ಲುವ ಸುತ್ತೋಲೆ ನೋಟುಗಳನ್ನು ಬಳಕೆಗೆ ತಂದನು. ಅವುಗಳ ಜೊತೆಗೆ ಪ್ರಯಾಣಿಕನ ರುಜುವಿರುವ ಬೇರೊಂದು ಪತ್ರವಿರುತ್ತಿತ್ತು. ನೋಟೂ ಪತ್ರವೂ ಒಟ್ಟಿಗೆ ಕಳ್ಳನ ಕೈಗೆ ಸಿಕ್ಕದಂತೆ ಬೇರೆಬೇರೆ ಕಡೆ ಇಟ್ಟುಕೊಳ್ಳಬೇಕಾಗಿತ್ತು. ಪ್ರವಾಸದ ಏರ್ಪಾಡುಗಳಿಗೆ ಹೆಸರಾದ ಥಾಮಸ್ ಕುಕ್ ಕಂಪೆನಿಯು 1874ರಲ್ಲಿ ತನ್ನದೇ ಸುತ್ತೋಲೆ ನೋಟುಗಳನ್ನು ಹೊರಡಿಸಿತು. 1891ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪೆನಿಯ ಮಾರ್ಸೆಲಸ್ ಬೆರಿ ಎಂಬ ಅಧಿಕಾರಿಯು ಇನ್ನೂ ಸುಲಭವಾದ ಉಪಾಯವನ್ನು ಕಂಡುಹಿಡಿದನು: ಕೊಳ್ಳುವಾಗ ಒಂದು ರುಜು, ಕೊಡುವಾಗ ಮತ್ತೊಂದು ರುಜು, ಎರಡೂ ಒಂದೇ ಆಗಿದ್ದರೆ ಹಣ. ಇದೇ ಪ್ರವಾಸಿಯ ಚೆಕ್ಕು.

ಪತ್ತಿನ ಈ ಕಾಗದಗಳು ಎಷ್ಟರ ಮಟ್ಟಿಗೆ ಗಟ್ಟಿಯಾದುವು? 1914ರ ಆಗಸ್ಟ್ ತಿಂಗಳು ಈ ಪ್ರಶ್ನೆಗೆ ಉತ್ತರ ಕೊಟ್ಟಿತು. ಮಹಾಯುದ್ಧ ಆರಂಭವಾದೊಡನೆ ಯೂರೋಪಿನ ಬ್ಯಾಂಕುಗಳು ಬಾಗಿಲೆಳೆದುಕೊಂಡುವು. ಅಲ್ಲಿ ಸಂಚರಿಸುತ್ತಿದ್ದ ಸಾವಿರಾರು ಮಂದಿ ಶ್ರೀಮಂತ ಅಮೆರಿಕನ್ನರ ಕೈಯಲ್ಲಿ ಪತ್ತಿನ ಪತ್ರಗಳಿದ್ದುವು, ಊಟಕ್ಕೆ ಕಾಸಿರಲಿಲ್ಲ. ಕಡೆಗೆ ಅವರ ಸರ್ಕಾರವು ಟೆನೆಸೀ ಎಂಬ ಯುದ್ಧನೌಕೆಯಲ್ಲಿ ಚಿನ್ನವನ್ನೇ ತುಂಬಿ ಅಟ್ಲಾಂಟಿಕ್ ಸಮುದ್ರದಾಚೆಗೆ ಕಳುಹಿಸಬೇಕಾಯಿತು. ನಂಬಿಕೆ ಮುರಿದಾಗ ಜನರು ಕಾಗದವನ್ನು ಬಿಟ್ಟು ಲೋಹವನ್ನು ಕೇಳುತ್ತಾರೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಆ ಲೋಹವು ಎಲ್ಲಿಂದ ಬರುತ್ತಿತ್ತು? ದಕ್ಷಿಣ ಆಫ್ರಿಕ, ಆಸ್ಟ್ರೇಲಿಯ, ಅಮೆರಿಕಗಳಿಂದ ಬರುತ್ತಿದ್ದಂತೆ ನಮ್ಮ ಕೋಲಾರದ ಸೀಮೆಯಿಂದಲೂ ಹೋಗುತ್ತಿತ್ತು. 1870ರ ದಶಕದಲ್ಲಿ ಮೈಕೇಲ್ ಲವೆಲ್ ಎಂಬ ನಿವೃತ್ತ ಸೈನಿಕನು ಮೈಸೂರು ಸರ್ಕಾರದಿಂದ ಗಣಿಯ ಹಕ್ಕನ್ನು ಪಡೆದನು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಬಂದರು. ಚಾಂಪಿಯನ್ ರೀಫ್, ಮೈಸೂರು, ಊರಿಗಾಂ, ನಂದಿದುರ್ಗ ಎಂಬ ಗಣಿಗಳು ಪ್ರಸಿದ್ಧವಾದುವು. ಕಮಿಷನರ್ ಬೌರಿಂಗರ ಹೆಸರಿನಿಂದ ಆಗ ಬೌರಿಂಗ್‌ಪೇಟೆಯೆನಿಸಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ 1894ರಲ್ಲಿ ರೈಲುದಾರಿ ಆಯಿತು. 1902ರಲ್ಲಿ ಸುಮಾರು 92 ಮೈಲಿ ದೂರದ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬಂದಿತು. ಚಾಂಪಿಯನ್ ರೀಫಿನ ಗಣಿಯು ಕ್ರಮೇಣ 10,000 ಅಡಿಗೂ ಕೆಳಗಿಳಿದು, ಪ್ರಪಂಚದ ಅತ್ಯಂತ ಆಳದ ಗಣಿಗಳಲ್ಲಿ ಒಂದೆನಿಸಿತು. ಮೊದಲನೆಯ ಮಹಾಯುದ್ಧದವರೆಗೆ ಇಲ್ಲಿಯ ಚಿನ್ನವು ಬಹುಮಟ್ಟಿಗೆ ಲಂಡನ್ನಿಗೆ ಹೋಗಿ ಅಲ್ಲಿಯೇ ಶುದ್ಧಿಯಾಗಿ ಮಾರಾಟವಾಗುತ್ತಿತ್ತು. ಲಾಭಾಂಶವು ಅಲ್ಲಿಯ ಪಾಲುದಾರರಿಗೆ ಸಲ್ಲುತ್ತಿತ್ತು. ಮೈಸೂರು ಸಂಸ್ಥಾನಕ್ಕೆ ರಾಜಧನ ಬರುತ್ತಿತ್ತು.

ಇಲ್ಲಿ ನಾಣ್ಯಗಳ ವಿಷಯವಾಗಿ ಸ್ವಲ್ಪ ಹೇಳುವುದು ಅವಶ್ಯಕ. ಆ ಕಾಲದ ರೂಪಾಯಿ ಬೆಳ್ಳಿಯದು, ಇಂಗ್ಲೆಂಡಿನ ಪೌನು ಚಿನ್ನದ್ದು. 1870ರ ಸುಮಾರಿನಲ್ಲಿ ಒಂದು ರೂಪಾಯಿಗೆ 2 ಷಿಲಿಂಗಿಗೆ ಸಮೀಪವಾದ ಬೆಲೆ ಇತ್ತು. ಎಂದರೆ 10 ರೂಪಾಯಿಗೆ ಸ್ವಲ್ಪ ಮೇಲೆ ಕೊಟ್ಟರೆ 1 ಪೌನು ಬರುತ್ತಿತ್ತು. ಜರ್ಮನಿ ಮೊದಲಾದ ದೇಶಗಳು ಬೆಳ್ಳಿಯನ್ನು ಬಿಟ್ಟು ಚಿನ್ನದ ನಾಣ್ಯವನ್ನು ಅವಲಂಬಿಸಿದುದರಿಂದಲೂ, ಅಮೆರಿಕದಲ್ಲಿ ಹೊಸ ಬೆಳ್ಳಿಯ ಗಣಿಗಳು ತೆರೆದುದರಿಂದಲೂ ಬೆಳ್ಳಿ ಅಗ್ಗವಾಗುತ್ತ ಹೋಯಿತು. 1893ರಲ್ಲಿ ಸರ್ಕಾರವು ಟಂಕಸಾಲೆಗಳನ್ನು ಖಾಸಗಿಯವರ ಬೆಳ್ಳಿಗೆ ಮುಚ್ಚಿತಾದರೂ ಇಳಿತವು ಒಡನೆಯೇ ನಿಲ್ಲಲಿಲ್ಲ. 1894–95ರಲ್ಲಿ ರೂಪಾಯಿಯ ಬೆಲೆ ಸುಮಾರು 13 ಪೆನ್ನಿಗೆ ಬಂದಿತು. ಒಂದು ಪೌನಿಗೆ 18 ರೂಪಾಯಿ ಮೀರಿತು. ಶತಮಾನದ ಕೊನೆಯ ವೇಳೆಗೆ ಅದು 16 ಪೆನ್ನಿಗೆ ನಿಂತು, ಪೌನಿಗೆ 15 ರೂಪಾಯಿ ಎಂಬ ದರ ಸ್ಥಿರವಾಯಿತು.

ವಿಲಾಯಿತಿಯಲ್ಲಿ ಓದಲು ವರ್ಷಕ್ಕೆ 200 ಪೌನು ಬೇಕಾದ ವಿದ್ಯಾರ್ಥಿಯೊಬ್ಬನನ್ನು ಊಹಿಸಿಕೊಳ್ಳೋಣ. ಅವನ ತಂದೆ 1870ರಲ್ಲಿ 2,000 ರೂಪಾಯಿಗೆ ಸ್ವಲ್ಪ ಹೆಚ್ಚು ಕಳುಹಿಸಿದ್ದರೆ ಸಾಕಾಗುತ್ತಿತ್ತು. ಕಾಲು ಶತಮಾನದ ಬಳಿಕ 3,600 ರೂಪಾಯಿಯನ್ನು ಮೀರಿ ಕಳುಹಿಸಬೇಕಾಯಿತು. ಹುಡುಗನು ಹೆಚ್ಚಾಗಿ ಉಣ್ಣಲಿಲ್ಲ, ಹೆಚ್ಚಾಗಿ ಉಡಲಿಲ್ಲ; ನಾಣ್ಯವು ಇಳಿಯಿತು, ಅಷ್ಟೆ. ಗಣಿಯ ಕಂಪೆನಿಗಳ ಸ್ಥಿತಿ ಇದಕ್ಕೆ ನೇರವಾಗಿ ವಿರುದ್ಧವಾಗಿತ್ತು. ಅವು ಮಾರುತ್ತಿದ್ದುದು ಚಿನ್ನ, ಪಡೆಯುತ್ತಿದ್ದುದು ಪೌನು. ಕೂಲಿಗೆ ಕೊಡುತ್ತಿದ್ದುದು ಮಾತ್ರ ಬೆಳ್ಳಿಯ ರೂಪಾಯಿ. ಬೆಳ್ಳಿ ಇಳಿದಷ್ಟೂ ಪೌನಿನ ಲೆಕ್ಕದಲ್ಲಿ ಕೂಲಿಯ ವೆಚ್ಚವು ಇಳಿಯಿತು. ಹೀಗೆ ಒಂದೇ ಕಾರಣವು ಪರದೇಶಕ್ಕೆ ಹೋಗುವ ಭಾರತೀಯನಿಗೆ ನಷ್ಟವನ್ನೂ, ಭಾರತಕ್ಕೆ ಬಂದ ಬಂಡವಾಳಕ್ಕೆ ಲಾಭವನ್ನೂ ಉಂಟುಮಾಡಿತು.

ಪತ್ತಿನ ವಿಷಯದಲ್ಲಿಯೂ ಗಣಿಯ ಜನರೊಳಗೆ ಇಂಥದೇ ಭೇದವಿತ್ತು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಿಂದ ಬಂದ ಗಣಿಗಾರರು ತಮ್ಮ ಸಂಬಳದ ಭಾಗವನ್ನು ಊರಿಗೆ ಕಳುಹಿಸುತ್ತಿದ್ದರು. ಚಿತ್ತೂರು, ಉತ್ತರ ಆರ್ಕಾಟು, ಸೇಲಂ ಸೀಮೆಗಳಿಂದ ಬಂದ ಕೂಲಿಗಾರರಿಗೂ ಊರಿನಲ್ಲಿ ಹೆತ್ತವರೂ ಮಕ್ಕಳೂ ಇದ್ದರು; ಅಂಥವರ ಪಾಲಿಗೆ 1880ರಲ್ಲಿ ಆರಂಭವಾದ ಅಂಚೆಯ ಮನಿಯಾರ್ಡರೇ ಹುಂಡಿಯಾಯಿತು. ಆದರೆ 1930ರಲ್ಲಿ ಕೂಲಿಗಾರರ ಬೆರಳಚ್ಚನ್ನು ತೆಗೆದು ದಾಖಲೆ ಮಾಡುವ ಪದ್ಧತಿಯನ್ನು ತರಲು ಕಂಪೆನಿಗಳು ಹೊರಟಾಗ, ಗಣಿಗಳಲ್ಲಿ ದೊಡ್ಡ ಮುಷ್ಕರವಾಯಿತು. ಪ್ರವಾಸಿಯ ಚೆಕ್ಕನ್ನು ಹಿಡಿದವನ ರುಜುವಿಗೆ ಭೂಮಂಡಲದಲ್ಲೆಲ್ಲ ಮರ್ಯಾದೆ ದೊರೆಯುತ್ತಿದ್ದ ಕಾಲದಲ್ಲಿ, ಆ ಮರ್ಯಾದೆಗೆ ಆಧಾರವಾದ ಲೋಹವನ್ನು ಅಗೆದು ಕೊಟ್ಟವನಿಂದ ಬೆರಳಿನ ಗುರುತನ್ನು ಕೇಳಲಾಯಿತು. ಗುರುತು ಕೊಡುವುದರಲ್ಲಿ ಅವಮಾನವೇನು ಎಂದು ಈಗ ಕೆಲವರು ಕೇಳಬಹುದು. ಆ ಕಾಲದಲ್ಲಿ ಬೆರಳಚ್ಚೆಂದರೆ ಅಪರಾಧಿಗಳ ನೆನಪು ಬರುತ್ತಿತ್ತೆಂಬುದನ್ನು ಮರೆಯಬಾರದು. ಪತ್ತು ಎಲ್ಲರಿಗೂ ಒಂದೇ ಅಳತೆಯಲ್ಲಿ ದೊರೆತ ವಸ್ತುವಲ್ಲ.

1931ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡು ಚಿನ್ನದ ಪ್ರಮಾಣವನ್ನು ಬಿಟ್ಟಿತು. 1939ರಲ್ಲಿ ಎರಡನೆಯ ಮಹಾಯುದ್ಧದೊಡನೆ ಭಾರತದಲ್ಲಿ ವಿದೇಶೀ ವಿನಿಮಯದ ನಿಯಂತ್ರಣವು ಆರಂಭವಾಯಿತು. 1947ರಲ್ಲಿ ಅದಕ್ಕೆ ಪ್ರತ್ಯೇಕವಾದ ಕಾಯಿದೆಯಾಯಿತು. 1973ರಲ್ಲಿ ಆ ಕಾಯಿದೆ ಇನ್ನೂ ಬಿಗಿಯಾಯಿತು. ಕೋಲಾರದ ಗಣಿಗಳು 1956ರಲ್ಲಿ ಮೈಸೂರು ಸರ್ಕಾರಕ್ಕೂ 1962ರಲ್ಲಿ ಕೇಂದ್ರ ಸರ್ಕಾರಕ್ಕೂ ಸೇರಿದುವು. 1966ರ ಜೂನ್ 6ರಂದು ಡಾಲರಿನ ಬೆಲೆ 4 ರೂಪಾಯಿ 76 ಪೈಸೆಯಿಂದ 7 ರೂಪಾಯಿ 50 ಪೈಸೆಗೆ ಏರಿತು. ಆ ದಶಕಗಳಲ್ಲಿ ಅಮೆರಿಕಕ್ಕೆ ಹೋದ ನಮ್ಮ ಡಾಕ್ಟರುಗಳೂ ಇಂಜಿನಿಯರುಗಳೂ ತಮ್ಮ ಜೇಬಿನಲ್ಲಿದ್ದುದು ಎಂಟು ಡಾಲರು ಮಾತ್ರವೆಂದು ಮಕ್ಕಳಿಗೂ ಮೊಮ್ಮಕ್ಕಳಿಗೂ ಹೇಳುತ್ತ ಬಂದಿದ್ದಾರೆ. ವಿಮಾನದಿಂದಿಳಿದ ರಾತ್ರಿ ಮಲಗಲು ಯಾರಾದರೊಬ್ಬ ಪರಿಚಿತರ ಮನೆ ಇಲ್ಲದಿದ್ದರೆ ಅವರ ಪಾಡು ಕಷ್ಟವಾಗಿತ್ತು. ಬ್ಯಾಂಕಿನ ಪತ್ತು ದೊರೆಯದ ಕಾಲದಲ್ಲಿ ಸ್ವಭಾಷೆಯವರ ಪತ್ತೇ ಅವರನ್ನು ಕಾಪಾಡಿತು.

ಇಷ್ಟು ಬಿಗಿ ಏತಕ್ಕೆಂದರೆ, ದೇಶಕ್ಕೂ ವ್ಯಕ್ತಿಯಂತೆಯೇ ಒಂದು ಪತ್ತು ಇರಬೇಕು. ಅದು ಕ್ಷೀಣಿಸಿದರೆ ಆಗುವುದೇನೆಂಬುದನ್ನು 1991ನೆಯ ಇಸವಿ ತೋರಿಸಿತು. ಆ ಬೇಸಗೆಯಲ್ಲಿ ಭಾರತದಲ್ಲಿದ್ದ ವಿದೇಶೀ ನಾಣ್ಯವು ಕೆಲವು ವಾರಗಳ ಆಮದಿಗೆ ಮಾತ್ರ ಸಾಕಾಗುವಂತಿತ್ತು. ಮೇ ತಿಂಗಳಲ್ಲಿ 20 ಟನ್ನು ಚಿನ್ನವನ್ನು ಮರಳಿ ಕೊಳ್ಳುವ ಕರಾರಿನ ಮೇಲೆ ಸ್ವಿಟ್ಜರ್‌ಲೆಂಡಿನ ಬ್ಯಾಂಕಿಗೆ ಮಾರಲಾಯಿತು; ಜುಲೈ ತಿಂಗಳಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ನು ಚಿನ್ನವನ್ನು ಇಂಗ್ಲೆಂಡ್ ಮತ್ತು ಜಪಾನ್ ದೇಶಗಳ ಬ್ಯಾಂಕುಗಳ ಹೆಸರಿನಲ್ಲಿ ಅಡವಿಟ್ಟು ಸುಮಾರು 40 ಕೋಟಿ ಡಾಲರು ಸಾಲವನ್ನು ಪಡೆಯಿತು. ಮನೆಯ ಒಡವೆಯನ್ನು ಅಡವಿಟ್ಟು ಬಂದ ಗೃಹಸ್ಥನ ಮನಸ್ಸಿಗೆ ಆಗುವ ಸಂಕೋಚವು ಆಗ ಇಡೀ ದೇಶಕ್ಕೆ ಆಯಿತು.

ಕೋಲಾರ ಜಿಲ್ಲೆಯವರಾದ ನಾವು ಇಲ್ಲಿ ಒಂದು ಲೆಕ್ಕವನ್ನು ಮಾಡಬಹುದು. 1880ರಿಂದ 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚುವವರೆಗೆ ಈ ಸೀಮೆಯಿಂದ ಹೊರಬಂದ ಚಿನ್ನವು ಒಟ್ಟು ಸುಮಾರು 800 ಟನ್ನು. 1991ರಲ್ಲಿ ದೇಶದ ಮಾನವನ್ನು ಉಳಿಸಲು ಹೊರಗೆ ಹೋದುದು ಒಟ್ಟು 67 ಟನ್ನು. ಅಂದರೆ ಅದರ ಹನ್ನೆರಡನೆಯ ಒಂದು ಪಾಲಿನಷ್ಟು. ಈ ಸೀಮೆಯ ಚಿನ್ನದ ಬಹುಭಾಗವು ಸ್ವಾತಂತ್ರ್ಯಕ್ಕೆ ಮುಂಚೆಯೇ ಕಂಪೆನಿಗಳ ವಶದಿಂದ ಹೊರಹೋಗಿತ್ತು. ಅದು ಇಲ್ಲಿಯೇ ಉಳಿದಿದ್ದರೆ ಚರಿತ್ರೆಯೇ ಬೇರೆಯಾಗುತ್ತಿತ್ತೆಂದು ಹೇಳುವುದು ಅತಿಯಾದೀತು. ದೇಶದ ಪತ್ತು ಲೋಹವೊಂದರಿಂದಲೇ ಆಗುವುದಿಲ್ಲ, ಜನರ ದುಡಿಮೆಯಿಂದಲೂ ಆಡಳಿತದ ಎಚ್ಚರದಿಂದಲೂ ಆಗುತ್ತದೆ. ಆದರೂ ಈ ಎರಡು ಸಂಖ್ಯೆಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ ಮಾರಿಕುಪ್ಪದ ಕಸದ ದಿಬ್ಬಗಳು ಬೇರೆಯಾಗಿಯೇ ಕಾಣುತ್ತವೆ. 2024ರಲ್ಲಿ ರಿಸರ್ವ್ ಬ್ಯಾಂಕು ಇಂಗ್ಲೆಂಡಿನಲ್ಲಿದ್ದ ಸುಮಾರು 100 ಟನ್ನು ಚಿನ್ನವನ್ನು ಸ್ವದೇಶಕ್ಕೆ ತರಿಸಿಕೊಂಡಿತೆಂಬುದನ್ನೂ ಇಲ್ಲಿ ಹೇಳುವುದು ನ್ಯಾಯ.

ಇನ್ನು ಕಾರ್ಡಿನ ವಿಷಯ. 1950ರಲ್ಲಿ ಅಮೆರಿಕದ ಫ್ರಾಂಕ್ ಮೆಕ್‌ನಮಾರ ಎಂಬುವನು ಭೋಜನಶಾಲೆಗಳಲ್ಲಿ ಸಲ್ಲುವ ಡೈನರ್ಸ್ ಕ್ಲಬ್ ಎಂಬ ರಟ್ಟಿನ ಕಾರ್ಡನ್ನು ತಂದನು. 1958ರಲ್ಲಿ ಕ್ಯಾಲಿಫೋರ್ನಿಯದ ಬ್ಯಾಂಕೊಂದು ಸಾಮಾನ್ಯ ಜನರಿಗೆಂದು ಹೊರಡಿಸಿದ ಕಾರ್ಡೇ ಮುಂದೆ 1976ರಲ್ಲಿ ವೀಸಾ ಎಂಬ ಹೆಸರನ್ನು ಪಡೆಯಿತು. ಭಾರತದಲ್ಲಿ ಡೈನರ್ಸ್ ಕ್ಲಬ್ 1961ರಲ್ಲಿ ಕಾಲಿಟ್ಟಿತು. 1980ರಲ್ಲಿ ಸೆಂಟ್ರಲ್ ಬ್ಯಾಂಕು ತನ್ನ ಕಾರ್ಡನ್ನು ಹೊರಡಿಸಿತು. ಅದೇ ದಶಕದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕೂ ಆ ದಾರಿಯನ್ನು ಹಿಡಿಯಿತು. ಆದರೆ ಬಹುಕಾಲ ಆ ಕಾರ್ಡುಗಳ ಮೇಲೆ ಭಾರತ ಮತ್ತು ನೇಪಾಳದಲ್ಲಿ ಮಾತ್ರ ಸಲ್ಲುವುದೆಂಬ ಒಕ್ಕಣೆ ಇರುತ್ತಿತ್ತು. 1991ರ ಬಳಿಕ ನಿಯಮಗಳು ಸಡಿಲವಾದುವು. 2000ದ ಜೂನ್ 1ರಿಂದ ಹೊಸ ಕಾಯಿದೆ ಜಾರಿಗೆ ಬಂದಿತು. 2004ರಲ್ಲಿ ವರ್ಷಕ್ಕೆ 25,000 ಡಾಲರಿನವರೆಗೆ ಹೊರದೇಶಕ್ಕೆ ಹಣ ಕಳುಹಿಸುವ ಅನುಮತಿ ಸಾಮಾನ್ಯರಿಗೆ ದೊರೆಯಿತು. 2015ರಲ್ಲಿ ಆ ಮಿತಿ 2,50,000 ಡಾಲರಿಗೆ ಏರಿತು. ಪರದೇಶದಲ್ಲಿ ಕ್ರೆಡಿಟ್ ಕಾರ್ಡಿನಿಂದ ಮಾಡುವ ವೆಚ್ಚವನ್ನೂ ಈ ಮಿತಿಯೊಳಗೆ ಸೇರಿಸಬೇಕೆಂದು 2023ರ ಮೇ ತಿಂಗಳಲ್ಲಿ ಸರ್ಕಾರ ಆಜ್ಞೆ ಮಾಡಿ, ಜೂನ್ ತಿಂಗಳಲ್ಲಿ ಅದನ್ನು ಮುಂದೂಡಿತು.

ಕಾರ್ಡು ಕೆಲಸ ಮಾಡುವ ಕ್ರಮವು ಹುಂಡಿಯದಕ್ಕೆ ಬಹಳ ಹತ್ತಿರವಾಗಿದೆ. ಅಂಗಡಿಯವನ ಬ್ಯಾಂಕು ಒಂದು, ನಮ್ಮ ಬ್ಯಾಂಕು ಮತ್ತೊಂದು; ನಡುವೆ ಇಬ್ಬರಿಗೂ ಬೇಕಾದ ಮಧ್ಯಸ್ಥ ಸಂಸ್ಥೆ. ನಮ್ಮ ಬ್ಯಾಂಕು ಸರಿಯೆಂದು ಕ್ಷಣಮಾತ್ರದಲ್ಲಿ ಹೇಳಿದರೆ ಅಂಗಡಿಯವನು ಸಾಮಾನು ಕೊಡುತ್ತಾನೆ. ನಾವು ಹಣ ಕೊಡುವುದು ತಿಂಗಳ ಲೆಕ್ಕ ಬಂದ ಮೇಲೆ. ಇದೊಂದು ಮುದ್ದತಿ ಹುಂಡಿ. ಹಳೆಯ ವಟ್ಟವೂ ಇಲ್ಲಿ ಉಂಟು. ವಿದೇಶೀ ನಾಣ್ಯವನ್ನು ರೂಪಾಯಿಗೆ ತಿರುಗಿಸುವುದಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ನೂರಕ್ಕೆ 2ರಿಂದ 3½ರವರೆಗೆ ಹೆಚ್ಚಾಗಿ ಹಾಕುತ್ತವೆ. ಆ ಶುಲ್ಕದ ಮೇಲೆ ತೆರಿಗೆ ಬೇರೆ. ಕೆಲವು ಅಂಗಡಿಗಳಲ್ಲಿ, ಬಿಲ್ಲು ನಿಮ್ಮ ರೂಪಾಯಿಯಲ್ಲಿಯೇ ಆಗಲೋ ಎಂದು ಯಂತ್ರವು ವಿನಯದಿಂದ ಕೇಳುತ್ತದೆ. ಪರಿಚಿತವಾದ ರೂಪಾಯಿಯನ್ನು ಕಂಡು ಸಂತೋಷಪಟ್ಟು ಒಪ್ಪಿದವರು, ಅಂಗಡಿಯವನ ಕಡೆಯ ದರಕ್ಕೆ ಒಳಪಟ್ಟು ಹೆಚ್ಚು ತೆರುವುದೇ ವಾಡಿಕೆ. ಆ ದೇಶದ ನಾಣ್ಯದಲ್ಲಿಯೇ ಬಿಲ್ಲು ಮಾಡಿಸುವುದು ಲೇಸು. ಈ ಕಾರ್ಡಿನಿಂದ ರೊಕ್ಕವನ್ನು ತೆಗೆದರಂತೂ ಆ ದಿನದಿಂದಲೇ ಬಡ್ಡಿ ಓಡತೊಡಗುತ್ತದೆ.

ರಿಸರ್ವ್ ಬ್ಯಾಂಕಿನ 2020ರ ಆಜ್ಞೆಯಂತೆ ಹೊಸ ಕಾರ್ಡುಗಳು ಮೊದಲಿಗೆ ಸ್ವದೇಶದಲ್ಲಿ ಮಾತ್ರ ಸಲ್ಲುತ್ತವೆ. ಹೊರದೇಶದ ಬಳಕೆಯನ್ನು ಕಾರ್ಡಿನ ಒಡೆಯನೇ ಕೇಳಿ ತೆರೆಯಿಸಿಕೊಳ್ಳಬೇಕು. ಆದಕಾರಣ ಪ್ರಯಾಣಕ್ಕೆ ಮುಂಚೆಯೇ ಈ ಏರ್ಪಾಡನ್ನು ಮಾಡಿಕೊಂಡು, ವೆಚ್ಚದ ಮಿತಿಯನ್ನೂ ಗೊತ್ತುಮಾಡಿಕೊಳ್ಳುವುದು ಯುಕ್ತ. ಇಬ್ಬರು ಹೋಗುವಾಗ ಇಬ್ಬರ ಕಾರ್ಡುಗಳನ್ನೂ ಒಂದೇ ಚೀಲದಲ್ಲಿಡದಿರುವುದು, ಹೆರೀಸನ ಕಾಲದ ಪ್ರಯಾಣಿಕರು ಕಲಿತಿದ್ದ ಪಾಠವೇ ಆಗಿದೆ. ಕಾರ್ಡು ಕಳೆದರೆ ಅಥವಾ ತಾವು ಮಾಡದ ವೆಚ್ಚವು ಲೆಕ್ಕದಲ್ಲಿ ಕಂಡರೆ ಒಡನೆಯೇ ಬ್ಯಾಂಕಿಗೆ ತಿಳಿಸಬೇಕು. ಹೊರಗಿನವರ ಮೋಸದ ಸಂಗತಿಯಲ್ಲಿ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟದ ಹೊಣೆಯಿಲ್ಲವೆಂದು 2017ರ ನಿಯಮವು ಹೇಳುತ್ತದೆ. ಸಾಲ ಪಡೆವಾಗಿನ ಸವಿಯನ್ನೂ ತೀರಿಸುವಾಗಿನ ಸಂಕಟವನ್ನೂ ಸರ್ವಜ್ಞನು ಹಾಡಿದುದು ಕನ್ನಡಿಗರೆಲ್ಲರಿಗೂ ಬಾಯಿಪಾಠ. ಅವನು ಕಾರ್ಡನ್ನು ಕಂಡವನಲ್ಲ, ಸಾಲಗಾರನನ್ನು ಚೆನ್ನಾಗಿ ಕಂಡವನು.

ಈಗ ಚಾಂಪಿಯನ್ ರೀಫಿನ ಗಣಿಯ ಬಾಯಿ ಮುಚ್ಚಿದೆ. ಆಳದಲ್ಲಿ ನೀರು ತುಂಬಿದೆ. ಗಣಿಗಾರರ ಮಕ್ಕಳೂ ಮೊಮ್ಮಕ್ಕಳೂ ಬೆಳಗಿನ ರೈಲಿನಲ್ಲಿ ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ದುಡಿಯಹೋಗುತ್ತಾರೆ. ಕೆಲವರು ಸಮುದ್ರವನ್ನೂ ದಾಟಿದ್ದಾರೆ. ಅಂಥವನೊಬ್ಬನು ಲಂಡನ್ನಿನ ಅಂಗಡಿಯಲ್ಲಿ ತನ್ನ ಕಾರ್ಡನ್ನು ತೋರಿಸಿದಾಗ, ಬೆರಳಚ್ಚನ್ನು ಕೇಳದೆ ಅವನ ಮಾತನ್ನು ಒಪ್ಪುತ್ತಾರೆ. ಅವನ ತಾತನ ಕಾಲದಲ್ಲಿ ಕಂಪೆನಿಯು ಚಿನ್ನವನ್ನು ಒಯ್ಯಿತಾದರೂ ನಂಬಿಕೆಯನ್ನು ಮರಳಿ ಕೊಡಲಿಲ್ಲ. ಮೊಮ್ಮಗನಿಗೆ ದೊರೆತಿರುವ ಈ ಪತ್ತು ಬಹುಮಂದಿಯ ಬೆವರಿನಿಂದ ಬಂದುದೆಂದು ತಿಳಿದು, ತೀರಿಸಬಲ್ಲಷ್ಟನ್ನೇ ಬಳಸಿ, ಲೆಕ್ಕವನ್ನು ದಿನಕ್ಕೆ ಸರಿಯಾಗಿ ಚುಕ್ತಾ ಮಾಡುವುದು ಅವನ ಕರ್ತವ್ಯವೆಂದು ನಮ್ಮ ಅಭಿಪ್ರಾಯ.